ಲಕ್ಷ್ಮಮ್ಮನಿಗೆ ಬಾಕಿಯಿರುವ ಬಿಸಿ

ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿ, ಹಿಲ್‌ಸೈಡ್ ಅವೆನ್ಯೂದ ನಮ್ಮವರ ದಿನಸಿ ಅಂಗಡಿಗಳಿಗೆ ನಡೆದೇ ಹೋಗಬಹುದಾದ ಒಂದು ಮನೆಯಿದೆ. ಆ ಮನೆಯವರು ಲಕ್ಷ್ಮಮ್ಮನಿಗೆ ಒಂದು ಚಳಿಗಾಲದ ಬಿಸಿ ಬಾಕಿ ಉಳಿಸಿಕೊಂಡಿದ್ದಾರೆ. ಸಂಬಳದ ಮಾತು ಬೇರೆ. ಅದು ಬ್ಯಾಂಕಿನಲ್ಲಿ ಜಮಾ ಆಗುತ್ತಿದೆ ಎಂದು ಅವರು ಹೇಳುತ್ತಾರೆ, ಆ ಬ್ಯಾಂಕಿನ ಬಾಗಿಲನ್ನು ಲಕ್ಷ್ಮಮ್ಮ ನೋಡಿಲ್ಲ. ನಾನು ಹೇಳುತ್ತಿರುವುದು ಬರೀ ಬಿಸಿಯ ಬಾಕಿ. ನೆಲಮಾಳಿಗೆಯಲ್ಲಿ ಬಾಯ್ಲರ್ ಉರಿಯುತ್ತದೆ, ನೀರು ಕಾಯುತ್ತದೆ, ಕೊಳವೆ ಹಿಡಿದು ಏರುತ್ತದೆ, ಮನೆಯ ಕೋಣೆ ಕೋಣೆಗೂ ಹೋಗುತ್ತದೆ. ಒಂದು ಕೋಣೆಗೆ ಮಾತ್ರ ಹೋಗುವುದಿಲ್ಲ. ಅಲ್ಲಿ ಮಲಗುವವಳು ಲಕ್ಷ್ಮಮ್ಮ.

ಇವಳು ಮೈಸೂರಿನವಳು. ಗಂಡ ಗೋಡೆಗೆ ಬಣ್ಣ ಬಳಿಯುತ್ತಿದ್ದ, ಏಣಿಯಿಂದ ಬಿದ್ದು ಸತ್ತ. ಮಗಳು ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಲಕ್ಷ್ಮಮ್ಮ ಬಹಳ ಕಾಲ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಗುತ್ತಿಗೆ ಆಯಾ ಆಗಿದ್ದಳು. ಗುತ್ತಿಗೆಯವರನ್ನು ಕಾಯಂ ಮಾಡಿ ಎಂದು ನಾವು ಡಿಸಿ ಕಚೇರಿಯ ಮುಂದೆ ಧರಣಿ ಕೂತಾಗ ಅವಳು ಫೋಟೊಗೆ ಬೀಳುವ ಸಾಲಿನಲ್ಲಿ ಯಾವತ್ತೂ ಕೂರಲಿಲ್ಲ. ಹಿಂದೆ ಕೂತು, ಕಾಲು ಚಾಚಿ, ಯಾರ ಭಾಷಣವಾದರೂ ಉದ್ದವಾದರೆ, "ಸಾಕು ಬುಡಣ್ಣೋ, ಮೈಕು ಕಾದೋಯ್ತದೆ!" ಎಂದು ಕೂಗುವವಳು. ಧರಣಿ ಸೋತಿತು. ತಪ್ಪಾಯಿತು ಎಂದು ಬರೆದುಕೊಟ್ಟವರನ್ನು ಗುತ್ತಿಗೆದಾರ ಮತ್ತೆ ಸೇರಿಸಿಕೊಂಡ. ಇವಳು ಬರೆದುಕೊಡಲಿಲ್ಲ. "ಏನ್ ತಪ್ ಮಾಡಿವ್ನಿ ಅಂತ ಬರೀಲಿ? ಕೂತ್ಕಂಡಿದ್ದೆ ಅಂತ್ಲಾ?" ಎಂದಳು. ಕೆಲಸ ಹೋಯಿತು.

ಆಮೇಲೆ ಮನೆಗಳಿಗೆ ಆಯಾಗಳನ್ನು ಕಳಿಸುವ ಏಜೆನ್ಸಿಯೊಂದು ಅವಳನ್ನು ಕುವೆಂಪುನಗರದ ಕೌಸಲ್ಯಮ್ಮನ ಮನೆಗೆ ಕಳಿಸಿತು. ಕೌಸಲ್ಯಮ್ಮನಿಗೆ ಸೊಂಟ ಮುರಿದು ನಡಿಗೆ ನಿಂತಿತ್ತು, ಬಾಯಿ ನಿಂತಿರಲಿಲ್ಲ. ಹೋದ ದಿನವೇ ಕೇಳಿದರು.

"ಯಾವೂರಮ್ಮ ನಿಂದು?"

"ಮೈಸೂರೇ ಅಮ್ಮಾವ್ರೇ."

"ಮೈಸೂರಲ್ಲಿ ಎಲ್ಲಿ?"

"ಅಶೋಕಪುರಂ."

"ಓ," ಎಂದರು ಕೌಸಲ್ಯಮ್ಮ. ಮುಂದೆ ಕೇಳಲಿಲ್ಲ. ಬಾಯಿಬಿಟ್ಟು ಜಾತಿ ಕೇಳದೆ ತಿಳಿದುಕೊಳ್ಳಲು ನಮ್ಮ ಪ್ರತಿ ಊರಿನಲ್ಲೂ ಇಂಥ ಒಂದು ವಿಳಾಸ ಇದ್ದೇ ಇರುತ್ತದೆ. ಆದರೆ ಸೊಂಟ ಮುರಿದವರಿಗೆ ಎತ್ತುವ ತೋಳು ಬೇಕು. ಲಕ್ಷ್ಮಮ್ಮ ಎತ್ತಿದಳು, ತೊಳೆದಳು, ಒರೆಸಿದಳು, ತಲೆ ಬಾಚಿದಳು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಆ ಕೈ ಇಲ್ಲದೆ ಮುದುಕಿ ಮಗ್ಗುಲು ಬದಲಿಸದಂತಾಯಿತು. ನ್ಯೂಯಾರ್ಕಿನಲ್ಲಿದ್ದ ಮಗ ಶಿವರಾಮ್ ತಾಯಿಯನ್ನು ಕರೆದೊಯ್ಯಲು ಬಂದಾಗ ಅವರು ಹಾಕಿದ ಷರತ್ತು ಒಂದೇ: "ಲಕ್ಷ್ಮೀನೂ ಬರ್ಬೇಕು. ಇಲ್ದಿದ್ರೆ ನಾನು ಏಳಲ್ಲ."

ಹಾಗೆ ಬಂದಳು. ಶಿವರಾಮ್ ಸೇತುವೆಗಳ ಇಂಜಿನಿಯರ್. ಅವನ ಹೆಂಡತಿ ಮಾಧವಿ ಮಕ್ಕಳ ಡಾಕ್ಟರು. ಮಗಳು ಧೃತಿ ಹೈಸ್ಕೂಲು. ಕೆಟ್ಟವರೇ ಎಂದು ಕೇಳಬೇಡಿ. ಬೈಯುವುದಿಲ್ಲ, ಹೊಡೆಯುವುದಿಲ್ಲ, ತಾವು ತಿಂದದ್ದನ್ನೇ ಕೊಡುತ್ತಾರೆ. ಪಾಸ್‌ಪೋರ್ಟನ್ನು ಮಾತ್ರ ಶಿವರಾಮ್, "ಕಳೆದೋಗುತ್ತೆ ಲಕ್ಷ್ಮಮ್ಮ, ಸೇಫಾಗಿ ಇಟ್ಟಿರ್ತೀನಿ," ಎಂದು ತನ್ನ ಕಬ್ಬಿಣದ ಪೆಟ್ಟಿಗೆಗೆ ಹಾಕಿದ. ವೀಸಾದ ಅವಧಿ ಮುಗಿಯುತ್ತ ಬಂದಾಗ, "ಎಕ್ಸ್‌ಟೆನ್ಶನ್‌ಗೆ ಹಾಕಿದೀವಿ. ಪೇಪರ್ ಬರೋವರೆಗೂ ಒಬ್ಬಳೇ ಆಚೆ ಹೋಗ್ಬೇಡ. ಈಗ ಕಾಲ ಸರಿಯಿಲ್ಲ, ಹಿಡ್ಕೊಂಡು ಹೋಗ್ತಾರೆ," ಎಂದ. ಪೇಪರ್ ಇನ್ನೂ ಬಂದಿಲ್ಲ. ಅಂಗಡಿಗೆ ಕಾರಿನಲ್ಲಿ ಕರೆದೊಯ್ದು ಕಾರಿನಲ್ಲೇ ಕರೆತರುತ್ತಾರೆ. ಧೃತಿ ಚಿಕ್ಕವಳಿದ್ದಾಗ ಕಾರಿನ ಹಿಂದಿನ ಬಾಗಿಲಿಗೆ ಹಾಕಿದ ಮಕ್ಕಳ ಬೀಗವನ್ನು ಯಾರೂ ತೆಗೆದಿಲ್ಲ. ಹೊರಗಿನಿಂದ ಯಾರಾದರೂ ತೆರೆದರಷ್ಟೇ ಲಕ್ಷ್ಮಮ್ಮ ಇಳಿಯಬಹುದು.

ಮನೆ ಹಳೆಯದು, ಮರದ್ದು. ಕೆಳಗೆ ಹಜಾರ, ಅಡುಗೆಮನೆ. ನಡುವಿನ ಮಹಡಿಯಲ್ಲಿ ಮಲಗುವ ಕೋಣೆಗಳು. ಅದರ ಮೇಲೆ, ಇಳಿಜಾರು ಮಾಡಿನ ಕೆಳಗೆ, ಅಟ್ಟ. ಅಟ್ಟದಲ್ಲಿ ಎರಡು ಭಾಗ. ಮುಂದಿನ ದೊಡ್ಡ ಭಾಗ ದೇವರ ಕೋಣೆ. ದೇವರ ತಲೆಯ ಮೇಲೆ ಮನುಷ್ಯರ ಕಾಲು ಓಡಾಡಬಾರದು ಎಂದು ಮಾಧವಿ ದೇವರನ್ನು ಮನೆಯ ತುತ್ತತುದಿಗೆ ಏರಿಸಿದ್ದಳು. ಹಿಂದಿನ ಸಣ್ಣ ಭಾಗ, ನೆಟ್ಟಗೆ ನಿಂತರೆ ತಲೆ ಮಾಡಿಗೆ ತಾಗುವಂಥದ್ದು, ಲಕ್ಷ್ಮಮ್ಮನಿಗೆ. ನಡುವೆ ತೆಳ್ಳನೆಯ ಹಲಗೆ ಗೋಡೆ. ಆ ಕಡೆಯ ಬಾಗಿಲನ್ನು ಅವಳು ದಾಟಬಾರದೆಂದು ಯಾರೂ ಹೇಳಲಿಲ್ಲ. "ದೇವರ ಕೋಣೆ ನಾನೇ ಗುಡಿಸ್ಕೋತೀನಿ ಲಕ್ಷ್ಮಮ್ಮ, ನೀನು ಶ್ರಮ ತಗೋಬೇಡ," ಎಂದಳು ಮಾಧವಿ. ಮನೆಯ ಮಿಕ್ಕ ಶ್ರಮವನ್ನೆಲ್ಲ ತೆಗೆದುಕೊಳ್ಳಬಹುದಾಗಿತ್ತು.

ಈ ಮನೆಯಲ್ಲಿ ಬಿಸಿ ಬರುವುದು ನೀರಿನಿಂದ. ಪ್ರತಿ ಕೋಣೆಯಲ್ಲೂ ಪಕ್ಕೆಲುಬಿನ ಗೂಡಿನಂಥ ಕಬ್ಬಿಣದ ರೇಡಿಯೇಟರ್ ಇದೆ. ಬಾಯ್ಲರಿನಿಂದ ಬಂದ ಬಿಸಿನೀರು ಅದರೊಳಗೆ ಸುತ್ತಿ ವಾಪಸು ಹೋಗುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದಾಗ ಅದರೊಳಗೆ ಗಾಳಿ ಸೇರುತ್ತದೆ. ಗಾಳಿ ಕೂತ ಕಡೆ ನೀರು ನುಗ್ಗುವುದಿಲ್ಲ, ರೇಡಿಯೇಟರ್ ಹೆಣದಂತೆ ತಣ್ಣಗಿರುತ್ತದೆ. ಚಳಿಗೆ ಮುಂಚೆ ಆ ಗಾಳಿಯನ್ನು ಹೊರಕ್ಕೆ ಬಿಡಬೇಕು. ಅದಕ್ಕೊಂದು ತಿರುಪು, ತಿರುಪಿಗೊಂದು ಹೆಬ್ಬೆರಳಿನಷ್ಟು ಕೀಲಿ.

ಅಕ್ಟೋಬರಿನ ಒಂದು ಶನಿವಾರ ಶಿವರಾಮ್ ಕೀಲಿ ಹಿಡಿದು ಹೊರಟ. ಸೋರುವ ನೀರನ್ನು ಹಿಡಿಯಲು ಬಚ್ಚಲಿನ ಪ್ಲಾಸ್ಟಿಕ್ ಮಗ್ಗು ಹಿಡಿದು ಲಕ್ಷ್ಮಮ್ಮ ಅವನ ಹಿಂದೆ. ಕೀಲಿ ತಿರುಗಿಸಿದರೆ ಮೊದಲು ಸ್ಸ್ ಎಂದು ಗಾಳಿ, ಆಮೇಲೆ ಪಚಪಚ ಉಗುಳು, ಕೊನೆಗೆ ಒಂದೇ ಸಮ ನೀರು. ನೀರು ಬಂದ ಕೂಡಲೇ ತಿರುಪು ಮುಚ್ಚಬೇಕು.

"ಥೂ! ಏನ್ ಸಾರ್ ಈ ವಾಸ್ನೆ? ಸತ್ತಿಲಿ ನೆನೆಹಾಕ್ದಂಗೈತೆ."

"ಹಳೇ ನೀರು, ಕಬ್ಬಿಣ ಅಲ್ವಾ. ಮಗ್ಗು ಸರಿಯಾಗಿ ಹಿಡಿ. ಕಾರ್ಪೆಟ್ ಮೇಲೆ ಬಿದ್ರೆ ಮೇಡಮ್ಮು ನನ್ನನ್ನೇ ತಿರುಪ್ತಾರೆ."

ಹೀಗೆ ನಗುತ್ತ ಎರಡು ಮಹಡಿ ಮುಗಿಸಿ ಅಟ್ಟಕ್ಕೆ ಬಂದರು. ಅಲ್ಲಿ ಶಿವರಾಮ್ ನಿಂತ. ಹಿಂದಿನ ವರ್ಷಗಳಲ್ಲಿ ಇಲ್ಲದ ತೊಡಕು ಈ ವರ್ಷ ಬಂದಿತ್ತು. ದಸರಾಕ್ಕೆಂದು ಮಾಧವಿ ಮೈಸೂರಿನಿಂದ ಹಡಗಿನಲ್ಲಿ ತೇಗದ ಮಂಟಪ ತರಿಸಿದ್ದಳು. ಪೂಜೆಗೆ ಕೂತವರು ಪೂರ್ವಕ್ಕೆ ಮುಖ ಮಾಡಬೇಕಾದ್ದರಿಂದ ಮಂಟಪ ಪೂರ್ವದ ಗೋಡೆಗೇ ನಿಂತಿತು. ರೇಡಿಯೇಟರ್ ಇದ್ದದ್ದೂ ಪೂರ್ವದ ಗೋಡೆಯಲ್ಲೇ. ಪುರೋಹಿತರು ಬಂದು ಪ್ರತಿಷ್ಠೆ ಮಾಡಿ ಹೋದರು. ರೇಡಿಯೇಟರೂ ಅದರ ತಿರುಪೂ ದೇವರ ಬೆನ್ನ ಹಿಂದೆ ಸಿಕ್ಕಿಕೊಂಡವು.

ಶಿವರಾಮ್ ಗೋಡೆಗೆ ಕೆನ್ನೆ ಒತ್ತಿ ಕೈ ತೂರಿಸಿದ. "ಹೋಗ್ತಿಲ್ಲ."

"ಮಂಟಪ ವಸಿ ಎಳ್ಕಳಿ ಸಾರ್," ಎಂದಳು ಲಕ್ಷ್ಮಮ್ಮ, ಹೊಸ್ತಿಲ ಹೊರಗಿನಿಂದ.

ಕೆಳಗಿನಿಂದ ಮಾಧವಿಯ ದನಿ ಬಂತು. "ಎಳೆಯೋ ಹಾಗಿಲ್ಲ ರೀ! ಪ್ರತಿಷ್ಠೆ ಆಗಿದೆ. ಕದಲಿಸ್ಬೇಕಾದ್ರೆ ಒಳ್ಳೇ ದಿನ ನೋಡ್ಬೇಕು."

"ಸರಿ, ಆಮೇಲೆ ನೋಡೋಣ," ಎಂದ ಶಿವರಾಮ್. ಅವನಿಗೂ ಬೆನ್ನು ನೋಯುತ್ತಿತ್ತು.

ಅಟ್ಟಕ್ಕೆ ಬರುವ ಕೊಳವೆ ಮೊದಲು ದೇವರ ರೇಡಿಯೇಟರಿಗೆ ಬರುತ್ತದೆ. ಅದರ ಹೊಟ್ಟೆ ಹಾದು, ಹಲಗೆ ಗೋಡೆ ದಾಟಿ, ಲಕ್ಷ್ಮಮ್ಮನ ರೇಡಿಯೇಟರಿಗೆ ಹೋಗುತ್ತದೆ. ಅವಳ ಕಡೆಯ ತಿರುಪು ಬಣ್ಣ ಬಳಿದು ಬಳಿದು ಎಂದೋ ಮುಚ್ಚಿಹೋಗಿದೆ. ಇಡೀ ಮನೆಯ ಗಾಳಿ ಏರಿ ಏರಿ ಸೇರುವುದು ಮೇಲಿನ ತುದಿಗೆ, ಅಂದರೆ ದೇವರ ಹಿಂದಕ್ಕೆ. ಅಲ್ಲಿ ಗಾಳಿ ಕೂತಿರುವವರೆಗೆ ಇವಳಿಗೆ ಬಿಸಿಯಿಲ್ಲ.

ನವೆಂಬರ್ ಹೇಗೋ ಕಳೆಯಿತು. ಹೊದಿಕೆಯ ಮೇಲೆ ಹೊದಿಕೆ, ಎರಡು ಕಾಲುಚೀಲ, ತಲೆಗೆ ಟವೆಲು. ಡಿಸೆಂಬರಿನಲ್ಲಿ ಅಟ್ಟದ ಕಿಟಕಿಯ ಒಳಮೈಗೇ ಮಂಜುಗಡ್ಡೆ ಕಟ್ಟಿತು. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಬರುತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಮಾಧವಿಯನ್ನು ನಿಲ್ಲಿಸಿ ಕೇಳಿದಳು.

"ಮೇಡಮ್ಮೋರೇ, ನನ್ ರೂಮ್ದು ಬಿಸೀನೇ ಆಗ್ತಿಲ್ಲ. ದೇವ್ರುನ್ನ ವಸಿ ಸರ್ಸಿ ಸಾರ್ ಆ ಗಾಳಿ ಬುಟ್ರೆ..."

"ನಂಗೆ ಗೊತ್ತಮ್ಮಾ. ಪಾರ್ಸಿಪನಿ ದೇವಸ್ಥಾನದ ಪುರೋಹಿತರಿಗೆ ವಾಟ್ಸಾಪ್ ಮಾಡಿದೀನಿ. ಧನುರ್ಮಾಸ ಬಂತಲ್ಲ, ಈಗ ಕದಲಿಸ್ಬೇಡಿ, ಸಂಕ್ರಾಂತಿ ಆಗ್ಲಿ ಅಂದ್ರು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಅಲ್ಲೀಗಂಟ ಅಮ್ಮಾವ್ರ ರೂಮ್ನಾಗೆ ನೆಲದ ಮ್ಯಾಲೆ ಮನೀಕತೀನಿ."

"ಅಯ್ಯೋ, ಇಲ್ಲಿ ಹಂಗೆಲ್ಲ ಮನುಷ್ಯರನ್ನ ನೆಲದ ಮೇಲೆ ಮಲಗಿಸಿದ್ರೆ ಕೇಸಾಗುತ್ತೆ. ಅತ್ತೇನ ನೋಡೋಕೆ ನರ್ಸ್ ಬರ್ತಾಳಲ್ಲ, ಅವಳು ನೋಡಿದ್ರೆ ಏನಂದ್ಕೋತಾಳೆ?"

"ಕರೆಂಟ್ ಒಲೆ ಥರದ್ದು ಸಿಗ್ತದಂತಲ್ಲ..."

"ಸ್ಪೇಸ್ ಹೀಟರಾ? ಅಟ್ಟ ಪೂರ್ತಿ ಮರ ಲಕ್ಷ್ಮಮ್ಮ. ಬೆಂಕಿ ಬಿದ್ರೆ ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ."

ಮೂರು ಬಾಗಿಲು, ಮೂರಕ್ಕೂ ಅಗಳಿ. ಒಂದೊಂದಕ್ಕೂ ಒಳ್ಳೆಯ ಕಾರಣವೇ ಇತ್ತು. ಡಿಸಿ ಕಚೇರಿಯಲ್ಲಿ ಮನವಿ ಕೊಡಲು ಹೋದವರಿಗೆ ಇಂಥ ಒಳ್ಳೆಯ ಕಾರಣಗಳ ರುಚಿ ಗೊತ್ತಿರುತ್ತದೆ.

ಧನುರ್ಮಾಸದಲ್ಲಿ ಮಾಧವಿ ಬೆಳಗಾಗುವ ಮುಂಚೆ ಮಿಂದು, ರೇಷ್ಮೆ ಸೀರೆಯ ಮೇಲೆ ಉಣ್ಣೆಯ ಶಾಲು ಹೊದ್ದು ಅಟ್ಟಕ್ಕೆ ಬರುತ್ತಿದ್ದಳು. ಅಲ್ಲೂ ಮೈ ಕೊರೆಯುವ ಚಳಿ. ಹಲ್ಲು ಕಟಕಟಿಸುತ್ತ ಮಂತ್ರ ಮುಗಿಸಿ, ಹುಗ್ಗಿ ತೋರಿಸಿ, ದಡದಡ ಇಳಿಯುತ್ತಿದ್ದಳು. ಒಂದು ದಿನ ವುಡ್‌ಬ್ರಿಡ್ಜಿನ ಅಂಗಡಿಯಿಂದ ಬೊಂಬೆಯಷ್ಟು ಪುಟ್ಟ ಉಣ್ಣೆಯ ಸ್ವೆಟರುಗಳನ್ನು ತಂದಳು. ಬಾಲಕೃಷ್ಣನಿಗೆ ಹಳದಿ, ಗಣಪತಿಗೆ ಕೆಂಪು. ದೇವರಿಗೆ ಚಳಿಯಾಗುತ್ತದೆಂದು ಅವಳಿಗೆ ಹೊಳೆಯಿತು. ಹಲಗೆ ಗೋಡೆಯ ಆಚೆಗೆ ಆ ಹೊಳಹು ದಾಟಲಿಲ್ಲ.

ನಡುವಿನ ಮಹಡಿಯಲ್ಲಿ ಇನ್ನೊಂದು ತಮಾಷೆ. ಅಲ್ಲಿನ ರೇಡಿಯೇಟರುಗಳು ಕೆಂಡ. ಹುಡುಗಿ ಧೃತಿ ಜನವರಿಯಲ್ಲಿ ತೋಳಿಲ್ಲದ ಅಂಗಿ ಹಾಕಿ ಕಿಟಕಿ ತೆರೆದು ಕೂರುತ್ತಿದ್ದಳು. ಲಕ್ಷ್ಮಮ್ಮ ಕಿಟಕಿ ಮುಚ್ಚಲು ಹೋದರೆ, "ಆಂಟಿ, ನೋ! ಐ ಆ್ಯಮ್ ಬಾಯ್ಲಿಂಗ್!" ಎಂದು ಕಿರುಚುತ್ತಿದ್ದಳು. ಆ ಕೋಣೆಯ ಬಿಸಿ ಕಿಟಕಿಯಿಂದ ಬೀದಿಗೆ ಹೋಗುತ್ತಿತ್ತು. ಬೀದಿಯ ಅಳಿಲುಗಳಿಗೆ ಸಿಕ್ಕಿದ್ದು ಅಟ್ಟಕ್ಕೆ ಸಿಗಲಿಲ್ಲ.

ಬಿಸಿ ಇಲ್ಲದ್ದು ಕೌಸಲ್ಯಮ್ಮನಿಗೆ ಗೊತ್ತಾದದ್ದು ತಮ್ಮ ಬೆನ್ನಿನಿಂದ. ಒಂದು ಬೆಳಿಗ್ಗೆ ಮೈ ಒರೆಸಲು ಲಕ್ಷ್ಮಮ್ಮ ಕೈಯಿಟ್ಟಳು. ಮುದುಕಿ ಚೀರಿಕೊಂಡರು.

"ಅಯ್ಯಪ್ಪಾ! ಏನೇ ಅದು, ಸತ್ತೋರ ಕೈ ಇಟ್ಟ ಹಾಗೆ!"

"ನನ್ ಕೈಯೇ ಅಮ್ಮಾವ್ರೇ. ಎಂಟು ಗಂಟೆ ಆದ್ರೂ ಬೆಚ್ಚಗೇ ಆಗಾಕಿಲ್ಲ."

ಅವತ್ತು ಊಟದ ಹೊತ್ತಿಗೆ, ಗಾಲಿಕುರ್ಚಿಯಲ್ಲಿ ಕೂತ ಕೌಸಲ್ಯಮ್ಮ ಮಗನನ್ನು ಹಿಡಿದರು. "ಲೋ ಶಿವು, ಇವಳ ರೂಮಿಗೆ ಬಿಸಿ ಬರ್ತಿಲ್ಲವಂತೆ. ಮಂಟಪ ಸರಿಸೋಕೆ ನಿಂಗೇನು ದಾಡಿ?"

"ಅಮ್ಮ, ಸಂಕ್ರಾಂತಿ ಆಗ್ಲಿ ಅಂತ..."

"ಯಾವ ಸಂಕ್ರಾಂತಿಯೋ? ನಿಮ್ಮಪ್ಪನಿಗೆ ಟ್ರಾನ್ಸ್‌ಫರ್ ಆದಾಗಲೆಲ್ಲ ದೇವರ ಪೆಟ್ಟಿಗೇನ ಲಾರಿಯಲ್ಲಿ ಹಾಸಿಗೆ ಸುರುಳಿ ಮೇಲೆ ಹೇರ್ಕೊಂಡು ಹೋಗ್ತಿದ್ವಿ. ಆಗ ಯಾವ ಧನುರ್ಮಾಸ ಯಾರು ನೋಡಿದ್ರು?"

"ಅತ್ತೆ, ಅದು ಪೆಟ್ಟಿಗೆ. ಇದು ಪ್ರತಿಷ್ಠೆ ಆಗಿರೋದು," ಎಂದಳು ಮಾಧವಿ. ಶಿವರಾಮ್ ಸಾರು ಕಲಸಿಕೊಂಡ. ಮಾತು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಮುದುಕಿಯ ಮಾತು ಬಾಯಿಂದ ತಟ್ಟೆಯವರೆಗೆ ಹೋಗಿ ನಿಲ್ಲುತ್ತಿತ್ತು.

ಮಾರನೆಯ ದಿನ ಗಂಡಹೆಂಡತಿ ಕೆಲಸಕ್ಕೆ, ಹುಡುಗಿ ಶಾಲೆಗೆ ಹೋದ ಮೇಲೆ, ಲಕ್ಷ್ಮಮ್ಮ ಮುದುಕಿಯನ್ನು ತೊಳೆದು ಮಲಗಿಸುತ್ತಿದ್ದಳು. ಕೈ ತಣ್ಣಗಿದ್ದದ್ದರಿಂದ ಬಿಸಿನೀರಲ್ಲಿ ಅದ್ದಿ ಅದ್ದಿ ಮುಟ್ಟಬೇಕಾಗಿತ್ತು. ಕೌಸಲ್ಯಮ್ಮ ಇದ್ದಕ್ಕಿದ್ದಂತೆ ಹೇಳಿದರು.

"ಹೋಗು. ನೀನೇ ತಿರುಗಿಸಿ ಬಾ."

"ದೇವ್ರ ಕೋಣ್ಗಾ?"

"ನನ್ನ ಹೊಲಸು ಬಾಚೋ ಕೈಗೆ ಆ ತಿರುಪು ಹೆಚ್ಚಾಯ್ತೇನೇ? ಕೀಲಿ ಅಡುಗೆಮನೆ ಡ್ರಾಯರಲ್ಲಿದೆ. ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ನು."

ಲಕ್ಷ್ಮಮ್ಮ ಕೀಲಿ ತೆಗೆದುಕೊಂಡಳು. ಕೈಗೆ ಸಿಕ್ಕಿದ್ದು ಬಚ್ಚಲಿನ ಅದೇ ಪ್ಲಾಸ್ಟಿಕ್ ಮಗ್ಗು. ಅಟ್ಟ ಏರಿ ಬಾಗಿಲು ದೂಡಿದಳು. ಊದುಬತ್ತಿ ಆರಿದ ವಾಸನೆ, ಒಳಗೆ ಅವಳ ಕೋಣೆಯದೇ ಚಳಿ. ಹಳದಿ ಸ್ವೆಟರಿನ ಕೃಷ್ಣನನ್ನು ನೋಡಿ, "ನಾನೊಬ್ನೇ ಬೆಚ್ಚಗಿವ್ನಿ ಅಂದ್ಕಂಡಿದ್ದೀಯಾ? ನಿನ್ ಬೆನ್ನೂ ತಣ್ಣಗದೆ, ತಡಿ," ಎಂದಳಂತೆ. ಭಯವಾಗಲಿಲ್ಲವೇ ಎಂದು ಫೋನಿನಲ್ಲಿ ಕೇಳಿದೆ. "ದೇವ್ರ ಭಯ ಇರ್ಲಿಲ್ಲ. ಕಾರ್ಪೆಟ್ಟಿನ ಭಯ ಇತ್ತು," ಎಂದಳು.

ಮಲಗಿದ ಮುದುಕಿಯನ್ನು ಮಗ್ಗುಲಿಗೆ ತಿರುಗಿಸುವಂತೆ, ಮಂಟಪದ ಒಂದು ಬದಿಗೆ ಸೊಂಟ ಕೊಟ್ಟು, ದೇವರುಗಳ ಸಮೇತ ಒಂದು ಗೇಣು ಜರುಗಿಸಿದಳು. ಒಂದು ಗಂಟೆ ಟಣ್ ಎಂದಿತು, ಬೇರೇನೂ ಆಗಲಿಲ್ಲ. ತಿರುಪಿಗೆ ಕೀಲಿ ಹಾಕಿ ತಿರುಗಿಸಿದಳು. ಸ್ಸ್ ಎಂದು ಶುರುವಾದ ಗಾಳಿ ನಿಲ್ಲಲೇ ಇಲ್ಲ. ಮೊಣಕಾಲೂರಿ ಕೂತು, ಒಂದು ಕೈಯಲ್ಲಿ ಮಗ್ಗು, ಇನ್ನೊಂದರಲ್ಲಿ ಕೀಲಿ, ಕಾಯುತ್ತ ಹೋದಳು. ಇಡೀ ಮನೆಯ ಗಾಳಿ ಅಲ್ಲಿ ಬಂದು ಅಡಗಿತ್ತು. ಕೊನೆಗೆ ರೇಡಿಯೇಟರ್ ಕೆಮ್ಮಿ, ಉಗುಳಿ, ಕಪ್ಪು ನೀರು ಸುರಿಸಿತು. ಮುಚ್ಚಿದಳು. ಅಷ್ಟರಲ್ಲಿ ಕೆಳಗಿನಿಂದ, "ಲಕ್ಷ್ಮೀ! ಬೇಗ ಬಾರೇ, ಒದ್ದೆ ಆಯ್ತು!" ಎಂಬ ಕೂಗು. ಮಂಟಪವನ್ನು ಹಿಂದಕ್ಕೆ ನೂಕಿ ಓಡಿದಳು. ಮಗ್ಗು ಅಲ್ಲೇ ಉಳಿಯಿತು.

ಆ ಮಧ್ಯಾಹ್ನ ಅಟ್ಟಕ್ಕೆ ಬಿಸಿ ಬಂತು. ಮೊದಲು ಕೊಳವೆ ಟಕಟಕ ಎಂದಿತು, ಆಮೇಲೆ ಒಂದೊಂದೇ ಪಕ್ಕೆಲುಬು ಕಾಯಿತು. ಲಕ್ಷ್ಮಮ್ಮ ಚಾಪೆ ಎಳೆದುಕೊಂಡು ರೇಡಿಯೇಟರಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ಕಿಟಕಿಯ ಒಳಮೈಯ ಗಡ್ಡೆ ಕರಗಿ ನೀರಾಗಿ ಇಳಿಯಿತು. ಧರಣಿಯ ಕೊನೆಯ ದಿನ ಬಿಟ್ಟರೆ ಅವತ್ತೇ ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿದ್ದು ಎಂದಳು.

ಸಂಜೆಗೆ ಬಿಸಿ ಹೋಯಿತು. ಅಟ್ಟದ್ದಷ್ಟೇ ಅಲ್ಲ, ಇಡೀ ಮನೆಯದು. ಅಷ್ಟೊಂದು ಗಾಳಿ ಹೊರಹೋದಾಗ ಅದರ ಜಾಗಕ್ಕೆ ಹೊಸ ನೀರು ಬಂದು ತುಂಬಿಕೊಳ್ಳಬೇಕು. ಹೊಸ ನೀರಿನ ನಲ್ಲಿ ತೊಟ್ಟಿಕ್ಕುತ್ತಿತ್ತೆಂದು ಶಿವರಾಮ್ ಅಕ್ಟೋಬರಿನಲ್ಲೇ ಅದನ್ನು ಬಿಗಿದು ಮುಚ್ಚಿ ಮರೆತಿದ್ದ. ಒತ್ತಡ ಇಳಿದು ಬಾಯ್ಲರ್ ತಾನಾಗಿ ಆರಿತು. ಆರು ಗಂಟೆಗೆಲ್ಲ ಧೃತಿ ಜಾಕೆಟ್ ಹಾಕಿಕೊಂಡು, "ಡ್ಯಾಡ್! ಇಟ್ಸ್ ಫ್ರೀಜಿಂಗ್!" ಎಂದು ಕೂಗಿದಳು. ಕಿಟಕಿ ಮುಚ್ಚಿದಳು, ಯಾರೂ ಹೇಳದೆಯೇ. ಶಿವರಾಮ್ ನೆಲಮಾಳಿಗೆಯಿಂದ ಅಟ್ಟದವರೆಗೆ ರೇಡಿಯೇಟರುಗಳನ್ನು ಮುಟ್ಟುತ್ತ ಬಂದ, ಮಾಧವಿ ಅವನ ಹಿಂದೆ. ದೇವರ ಕೋಣೆಯಲ್ಲಿ, ಗಣಪತಿಯ ಪಕ್ಕದಲ್ಲಿ, ಬಚ್ಚಲಿನ ಮಗ್ಗು. ಅದರ ತುಂಬ ನಾರುವ ಕಪ್ಪು ನೀರು.

ಮಾಧವಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದಳು ಲಕ್ಷ್ಮಮ್ಮ. ಎಲ್ಲರೂ ಕೌಸಲ್ಯಮ್ಮನ ಕೋಣೆಯಲ್ಲಿ ಸೇರಿದರು.

"ಬಾತ್‌ರೂಮ್ ಮಗ್ಗು," ಎಂದಳು ಮಾಧವಿ. "ದೇವರ ಮುಂದೆ. ನೀನು ಒಳಗೆ ಹೋಗಿದ್ಯಾ?"

"ಓಗಿದ್ದೆ ಮೇಡಮ್ಮೋರೇ. ಗಾಳಿ ಬುಟ್ಟೆ. ಅಮ್ಮಾವ್ರೇ ಹೇಳಿದ್ರು."

ಎಲ್ಲರೂ ಹಾಸಿಗೆಯ ಕಡೆ ನೋಡಿದರು. ಕೌಸಲ್ಯಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದರು.

"ಅಮ್ಮ, ನೀನು ಹೇಳಿದ್ಯಾ?" ಎಂದ ಶಿವರಾಮ್.

"ನಾನ್ಯಾಕೆ ಹೇಳ್ಲಿ?" ಎಂದರು ಕೌಸಲ್ಯಮ್ಮ, ಸೂರು ನೋಡುತ್ತ. "ನಂಗೆ ಆ ತಿರುಪು, ಕೀಲಿ ಎಲ್ಲ ಏನು ಗೊತ್ತು?"

ಎಳೆದ ಹೊದಿಕೆಯಿಂದ ಮುದುಕಿಯ ಪಾದ ಹೊರಬಿದ್ದಿತ್ತು, ಲಕ್ಷ್ಮಮ್ಮ ಅದನ್ನು ಮುಚ್ಚಿ ಹೊರಗೆ ನಿಂತಳು.

ಆಮೇಲೆ ನಡೆದದ್ದನ್ನು ಗಮನವಿಟ್ಟು ಕೇಳಿ. ಶಿವರಾಮ್ ಪ್ಲಂಬರಿಗೆ ಎಮರ್ಜೆನ್ಸಿ ಎಂದು ಫೋನ್ ಮಾಡಿದ. ಅನ್ನ ಬೇಯುವಷ್ಟರಲ್ಲಿ ಕೆಂಪು ಗಡ್ಡದ ಒಬ್ಬ ಬಂದ. ಬೂಟು ಕಳಚದೆ ಸೀದಾ ಅಟ್ಟ ಹತ್ತಿ, ಮಂಟಪ ಅಡ್ಡ ಇದೆ, ತೆಗೆಯಿರಿ ಎಂದ. ಧನುರ್ಮಾಸ ಮುಗಿದಿರಲಿಲ್ಲ. ಪುರೋಹಿತರಿಗೆ ವಾಟ್ಸಾಪ್ ಹೋಗಲಿಲ್ಲ. ಶಿವರಾಮನೂ ಪ್ಲಂಬರನೂ ಆ ಕಡೆ ಈ ಕಡೆ ಹಿಡಿದು ಮಂಟಪವನ್ನು ಕೋಣೆಯ ನಡುವಿಗೆ ಎತ್ತಿಟ್ಟರು. ಕೃಷ್ಣ ಉರುಳಿದ, ಮಾಧವಿ ಹಿಡಿದುಕೊಂಡಳು, "ಪರ್ವಾಗಿಲ್ಲ, ಪರ್ವಾಗಿಲ್ಲ," ಎಂದಳು. ಲಕ್ಷ್ಮಮ್ಮ ಹಲ್ಲು ಕಟಕಟಿಸಿದಾಗ ಅಲ್ಲಾಡದ ದೇವರು ಯಜಮಾನರ ಮೂಗು ತಣ್ಣಗಾದ ಕೂಡಲೇ ಅಲ್ಲಾಡಿದ.

ಪ್ಲಂಬರ್ ನೆಲಮಾಳಿಗೆಗೆ ಇಳಿದು, ಹೊಸ ನೀರಿನ ನಲ್ಲಿ ತೋರಿಸಿ, ಇದನ್ನು ಮುಚ್ಚಿದವರು ಯಾರು ಎಂದು ಕೇಳಿದ. ಶಿವರಾಮ್ ಕೆಮ್ಮಿದ. ಮೆಟ್ಟಿಲ ಮೇಲಿದ್ದ ಧೃತಿ, "ಡ್ಯಾಡ್, ದಟ್ ವಾಸ್ ಯೂ!" ಎಂದು ನಕ್ಕಳು. ಪ್ಲಂಬರ್ ನಲ್ಲಿ ಬಿಟ್ಟು, ಬಾಯ್ಲರ್ ಹೊತ್ತಿಸಿ, ಹೊಸ ನೀರಿನ ಜೊತೆ ಹೊಸ ಗಾಳಿಯೂ ಬರುತ್ತದೆ, ಅದು ಏರಿ ಅಟ್ಟಕ್ಕೇ ಸೇರುತ್ತದೆ, ವಾರ ಬಿಟ್ಟು ಮತ್ತೆ ತಿರುಪು ಬಿಡಿ ಎಂದು ಹೇಳಿ ಹೋದ. ಶಿವರಾಮ್ ತಲೆಯಾಡಿಸಿದ.

ದೇವರಿಗೆ ಶುದ್ಧಿಯಾಯಿತು. ಪ್ಲಂಬರನ ಬೂಟಿಗಲ್ಲ, ಲಕ್ಷ್ಮಮ್ಮನ ಮಗ್ಗಿಗೆ. ಗೋಮೂತ್ರ ಹಿಲ್‌ಸೈಡ್ ಅವೆನ್ಯೂದಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ರಥಸಪ್ತಮಿಗೆ ಪುರೋಹಿತರು ಬಂದು ಹೊಸದಾಗಿ ಪ್ರತಿಷ್ಠೆ ಮಾಡಿದರು, ಮಂಟಪ ಮತ್ತೆ ಪೂರ್ವದ ಗೋಡೆಗೆ ನಿಂತಿತು. ದೇವರ ಕೋಣೆಗೆ ಬೀಗ ಬಂತು. ರೇಡಿಯೇಟರ್ ಕೀಲಿ ಅಡುಗೆಮನೆಯ ಡ್ರಾಯರಿನಿಂದ ಮಾಧವಿಯ ಕೈಚೀಲಕ್ಕೆ ಹೋಯಿತು. ಪ್ಲಂಬರ್ ಹೇಳಿದಂತೆಯೇ ಗಾಳಿ ಮತ್ತೆ ಏರಿತು, ತಿರುಪು ಯಾರೂ ಬಿಡಲಿಲ್ಲ. ಲಕ್ಷ್ಮಮ್ಮನ ರೇಡಿಯೇಟರ್ ಮೊದಲು ಉಗುರುಬೆಚ್ಚಗಾಗಿ, ಆಮೇಲೆ ಮೇಲರ್ಧ ತಣ್ಣಗಾಗಿ, ಪೂರ್ತಿ ತಣ್ಣಗಾಯಿತು. ಈಗ ಫೆಬ್ರವರಿ ಮುಗಿಯುತ್ತಿದೆ. ಕಿಟಕಿಯಲ್ಲಿ ಗಡ್ಡೆ ಮತ್ತೆ ಕಟ್ಟಿದೆ.

ಶುದ್ಧಿಯ ಮಾರನೆಯ ದಿನ ಲಕ್ಷ್ಮಮ್ಮ ಬೆನ್ನು ಒರೆಸುವಾಗ ಕೌಸಲ್ಯಮ್ಮ ಹೇಳಿದರಂತೆ, "ಕೋಪಾನಾ ಲಕ್ಷ್ಮೀ? ನಾನೇನು ಮಾಡ್ಲಿ ಹೇಳು. ನಾನೂ ಇವರ ಮನೇಲೇ ಬಿದ್ದಿರ್ಬೇಕಲ್ಲ."

"ನೀವೇನಂದ್ರಿ?" ಎಂದು ಕೇಳಿದೆ.

"ಏನನ್ನಾನ? 'ವಸಿ ಮುಂದ್ಕೆ ಬಗ್ಗಿ ಅಮ್ಮಾವ್ರೇ, ಸೊಂಟ ಒರುಸ್ಬೇಕು' ಅಂದೆ."

ಇದನ್ನೆಲ್ಲ ಅವಳು ಹೇಳಿದ್ದು ಭಾನುವಾರಗಳಲ್ಲಿ, ಅವರು ದೇವಸ್ಥಾನಕ್ಕೆ ಹೋದಾಗ. ಮನೆಗೆಲಸದವರ ಪರ ನಿಲ್ಲುವ ಜನ ಅಲ್ಲೂ ಇದ್ದಾರೆ, ನಂಬರ್ ಕೊಡುತ್ತೇನೆ ಎಂದೆ. "ಕೊಡು, ಇಟ್ಕತೀನಿ," ಎಂದಳು. "ಆದ್ರೆ ಪಾಸ್‌ಪೋರ್ಟ್ ಪೆಟ್ಟಿಗೇಲದೆ. ಪೆಟ್ಟಿಗೆ ನಂಬ್ರ ಸಾರ್ ತಲೇಲದೆ. ಈಚೆ ಬಂದು ಮಂಜ್ನಾಗೆ ನಿಂತ್ಕಂಡು ನಾನ್ ಯಾರು ಅಂತ ಹೇಳ್ಲಿ? ಡಿಸಿ ಆಫೀಸ್ ಮುಂದೆ ರೋಡ್ನಾಗೆ ಮನೀಕಂಡಾಗ ಇಷ್ಟು ಚಳಿ ಇರ್ಲಿಲ್ಲ ಕಣಣ್ಣ. ಅಕ್ಕಪಕ್ಕದಾಗೆ ಜನ ಇದ್ರು." ಇದನ್ನು ಬರೆಯಲೇ ಎಂದು ಕೇಳಿದೆ. "ಬರಿ, ಬರಿ. ಅವ್ರು ಕನ್ನಡ ಎಲ್ಲಿ ಓದ್ತಾರೆ!" ಎಂದು ನಕ್ಕಳು. ಆ ನಗೆಯಲ್ಲೂ ಹಲ್ಲು ಕಟಕಟ ಎಂದದ್ದು ನನಗೆ ಕೇಳಿಸಿತು.

ನೀವು ಓದುತ್ತಿದ್ದೀರಿ. ನಿಮ್ಮ ಮನೆಯ ಕೆಲಸದವಳು ಮಲಗುವ ಕೋಣೆಗೆ ಈ ಚಳಿಗಾಲ ಒಮ್ಮೆಯಾದರೂ ಹೋಗಿದ್ದೀರಾ? ಈ ಹಾಳೆ ಕೆಳಗಿಟ್ಟು ಈಗಲೇ ಏಳಿ. ಅಟ್ಟ ಹತ್ತಿ. ಅವಳ ಕೋಣೆಯ ರೇಡಿಯೇಟರಿನ ಮೇಲೆ ಅಂಗೈ ಇಡಿ, ಬೆರಳ ತುದಿಯಲ್ಲ. ತಣ್ಣಗಿದ್ದರೆ ಪಂಚಾಂಗ ನೋಡಬೇಡಿ. ದೇವರನ್ನು ಪಕ್ಕಕ್ಕೆ ಸರಿಸಿ, ಕೀಲಿ ಹಾಕಿ, ಗಾಳಿ ಬಿಡಿ. ಮಗ್ಗು ನೀವೇ ಹಿಡಿಯಿರಿ. ಆಮೇಲೆ ಕೆಳಗಿಳಿದು ಆ ಕಬ್ಬಿಣದ ಪೆಟ್ಟಿಗೆ ತೆರೆದು ಅವಳ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡಿ.